ಓಣಿಯ ಬಲ್ಬ್ ಯಾರ ರೊಕ್ಕದ್ದು?

‘ನಮ್ಮ ಓಣ್ಯಾಗ ಲೈಟ್ ಹೋಗಿ ತಿಂಗಳಾತ್ರಿ. ಹೇಳಿ ಹೇಳಿ ಬಾಯಿ ಸೋತೈತಿ.’

ಗ್ರಾಮ ಪಂಚಾಯಿತಿ ಕಚೇರಿ ಯಾವ ಊರಿನದೇ ಇರಲಿ, ಬೆಳಿಗ್ಗೆ ಬಾಗಿಲು ತೆರೆದು ಸ್ವಲ್ಪ ಹೊತ್ತಾಗುವುದರೊಳಗೆ ಈ ಮಾತು ಒಳಗೆ ಬಂದಿರುತ್ತದೆ. ಒಂದು ಬಲ್ಬಿಗೆ ಎಷ್ಟು ದುಡ್ಡು, ಹಾಕಲು ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತ ಹೋದವರಿಗೆ ಎರಡೇ ಉತ್ತರ ಹೊಳೆಯುತ್ತವೆ: ಪಿಡಿಒ ಸೋಮಾರಿ, ಇಲ್ಲವೇ ಸದಸ್ಯ ಕಳ್ಳ. ಎಲ್ಲೋ ಒಂದು ಕಡೆ ಅದು ನಿಜವೂ ಇದ್ದೀತು. ಆದರೆ ಪಿಡಿಒ ಚುರುಕು, ಸದಸ್ಯ ಪ್ರಾಮಾಣಿಕ ಇದ್ದ ಊರಿನಲ್ಲೂ ಬಲ್ಬ್ ಹತ್ತದೆ ಉಳಿಯುವುದುಂಟು. ಅದಕ್ಕೆ ಕಾರಣ ಕಚೇರಿಯ ಲೆಕ್ಕದ ಪುಸ್ತಕದೊಳಗೆ ಇದೆ. ಆ ಪುಸ್ತಕವನ್ನು ಊರಿನವರು ಓದುವುದು ಅಪರೂಪ.

ಇದನ್ನು ಬಿಡಿಸಿ ನೋಡುವುದಕ್ಕೆ ತಡಸದಂಥ ಊರು ತಕ್ಕದ್ದು. ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ. 1997ಕ್ಕೆ ಮುಂಚೆ ಎಲ್ಲವೂ ಧಾರವಾಡ ಜಿಲ್ಲೆಯೇ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ ಬಿಟ್ಟು ದಕ್ಷಿಣಕ್ಕೆ ಬಂದರೆ, ಮುಂಡಗೋಡ ಮತ್ತು ಶಿರಸಿಗೆ ಹೋಗುವ ದಾರಿ ಒಡೆಯುವುದು ತಡಸ ಕ್ರಾಸಿನ ಹತ್ತಿರ. ಒಂದು ಕಡೆ ಧಾರವಾಡ ಜಿಲ್ಲೆಯ ಗಡಿ, ಇನ್ನೊಂದು ಕಡೆ ಉತ್ತರ ಕನ್ನಡದ ಗಡಿ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ. ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗುವವರು, ಶಿರಸಿಯ ಮಾರಿಕಾಂಬೆಗೆ ಹೊರಟವರು, ಗಾಯತ್ರಿ ತಪೋಭೂಮಿಗೆ ಬಂದವರು ಎಲ್ಲ ಈ ದಾರಿಯವರೇ. ಊರಿಗೆ ತನ್ನದೇ ಪೊಲೀಸ್ ಠಾಣೆಯೂ ಇದೆ. ದಾರಿಹೋಕನ ಕಣ್ಣಿಗೆ ಇದೊಂದು ಪೇಟೆ. ಕಾನೂನಿನ ಕಣ್ಣಿಗೆ ಗ್ರಾಮ. ಇದೇ ತಾಲ್ಲೂಕಿನ ಶಿಗ್ಗಾವಿ ಮತ್ತು ಬಂಕಾಪುರಗಳಿಗೆ ಪುರಸಭೆ ಇದೆ, ಅತ್ತ ಹಿರೇಕೆರೂರಿಗೆ ಪಟ್ಟಣ ಪಂಚಾಯಿತಿ ಇದೆ. ತಡಸಕ್ಕೆ ಇರುವುದು ಗ್ರಾಮ ಪಂಚಾಯಿತಿ.

ಕ್ರಾಸಿನಿಂದ ಊರೊಳಗೆ ಬರುವ ತನಕ ಕಾಲ ಕೆಳಗಿನ ನೆಲ ಎಷ್ಟು ಸಲ ಯಜಮಾನರನ್ನು ಬದಲಿಸುತ್ತದೆ ನೋಡಿ. ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು; ಅದರ ಮೇಲೆ ಕಟ್ಟುವ ಟೋಲೂ ಅವರದೇ ಲೆಕ್ಕ. ಶಿರಸಿ ಕಡೆಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳು ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗದ ಕೈಯಲ್ಲಿ. ಓಣಿ ಮಾತ್ರ ಗ್ರಾಮ ಪಂಚಾಯಿತಿಯದು. ಆ ಓಣಿಯಲ್ಲಿ ನಿಂತ ಕಂಬ ಹೆಸ್ಕಾಂದು, ಕಂಬದ ಮೇಲಿನ ಬಲ್ಬ್ ಪಂಚಾಯಿತಿಯದು. ಬಲ್ಬ್ ತಂದವನು ಪಂಚಾಯಿತಿಯವನಾದರೂ ಕಂಬ ಹತ್ತಬೇಕಾದರೆ ಲೈನ್‌ಮನ್ ಕರೆಂಟ್ ತೆಗೆಯಬೇಕು. ಲೋಕೋಪಯೋಗಿ ರಸ್ತೆಯ ಪಕ್ಕದ ಗಟಾರ ತುಂಬಿ ಅಂಗಡಿಯೊಳಗೆ ನೀರು ನುಗ್ಗಿದರೆ ಜನ ಬಂದು ನಿಲ್ಲುವುದು ಪಂಚಾಯಿತಿ ಮುಂದೆ. ಪಂಚಾಯಿತಿ ಬರೆಯಬೇಕಾದದ್ದು ಶಿಗ್ಗಾವಿಯ ಎಂಜಿನಿಯರಿಗೆ. ಪಹಣಿ, ಜಾತಿ–ಆದಾಯದ ಪ್ರಮಾಣಪತ್ರ ಕಂದಾಯ ಇಲಾಖೆಯ ಕೆಲಸ, ಅದಕ್ಕೆ ನಾಡಕಚೇರಿಗೆ ಹೋಗಬೇಕು. ರೇಷನ್ ಕಾರ್ಡ್ ಆಹಾರ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಊರಿನವರಿಗೆ ಇದೆಲ್ಲ ಒಂದೇ ‘ಸರಕಾರ’, ಮತ್ತು ಆ ಸರಕಾರದ ಬಾಗಿಲು ನಡೆದು ಹೋಗುವಷ್ಟು ಹತ್ತಿರ ಇರುವುದು ಪಂಚಾಯಿತಿಯದೊಂದೇ. ಹೀಗಾಗಿ ಬೈಗಳು ಮೊದಲು ಅಲ್ಲಿಗೇ.

ಅಂದಮೇಲೆ ಪಂಚಾಯಿತಿಯ ಕೈಯಲ್ಲಿ ನಿಜವಾಗಿ ಇರುವುದೇನು? ಕುಡಿಯುವ ನೀರು, ಬೀದಿ ದೀಪ, ಓಣಿ, ಗಟಾರ, ಕಸ, ಮನೆ ಕಟ್ಟುವ ಪರವಾನಗಿ, ಅಂಗಡಿ–ಹೋಟೆಲಿನ ಲೈಸೆನ್ಸು, ಆಸ್ತಿಯ ಉತಾರ, ಗ್ರಂಥಾಲಯ. ಇವು ಸಣ್ಣವೆಂದು ಕಾಣಬಹುದು. ಮುಖ್ಯಮಂತ್ರಿ ಬದಲಾದರೆ ಮನೆಯ ಅಡುಗೆ ನಿಲ್ಲುವುದಿಲ್ಲ, ವಾಟರ್‌ಮನ್ ಎರಡು ದಿನ ರಜೆ ಹಾಕಿದರೆ ನಿಲ್ಲುತ್ತದೆ.

ಈಗ ರೊಕ್ಕದ ಮಾತಿಗೆ ಬರೋಣ.

ಪಂಚಾಯಿತಿಗೆ ಬರುವ ದುಡ್ಡಿನಲ್ಲಿ ದೊಡ್ಡದು ಮೇಲಿನಿಂದ ಬರುವುದು. ಕೇಂದ್ರದ ಹಣಕಾಸು ಆಯೋಗದ ಅನುದಾನ ಒಂದು. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಇಟ್ಟ ಷರತ್ತು ಹೀಗಿತ್ತು: ನೂರು ರೂಪಾಯಿ ಬಂದರೆ 60 ರೂಪಾಯಿ ‘ನಿರ್ಬಂಧಿತ’. ಅದರಲ್ಲಿ 30 ನೈರ್ಮಲ್ಯಕ್ಕೆ, 30 ಕುಡಿಯುವ ನೀರಿಗೆ. ಉಳಿದ 40 ರೂಪಾಯಿಯನ್ನು ಊರಿನ ಅಗತ್ಯ ನೋಡಿ ಬಳಸಬಹುದು, ಆದರೆ ಸಂಬಳಕ್ಕೆ ಮುಟ್ಟುವಂತಿಲ್ಲ. ಅದೂ ಮೊದಲೇ ಕ್ರಿಯಾಯೋಜನೆಯಲ್ಲಿ ಬರೆದ ಕಾಮಗಾರಿಗೆ ಮಾತ್ರ. ಜೂನ್ ತಿಂಗಳ ಗಾಳಿಗೆ ಬಲ್ಬ್ ಉದುರುತ್ತದೆ ಎಂದು ಹಿಂದಿನ ವರ್ಷವೇ ಕಂಬದ ಲೆಕ್ಕ ಸಮೇತ ಬರೆದಿಟ್ಟ ಊರು ಎಷ್ಟಿದ್ದಾವು? ಎರಡನೆಯದು ರಾಜ್ಯದ ಶಾಸನಬದ್ಧ ಅನುದಾನ. ಅದರ ಬಹುಪಾಲು ಪಂಪು ಮತ್ತು ಬೀದಿ ದೀಪಗಳ ಕರೆಂಟ್ ಬಿಲ್ಲಿಗೆ, ಸಿಬ್ಬಂದಿಯ ವೇತನಕ್ಕೆ ಹೋಗುತ್ತದೆ. ಇಲ್ಲೊಂದು ತಮಾಷೆ ಇದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮಿತಿಯೊಳಗೆ ಬಳಸುವ ಮನೆಯ ಒಳಗಿನ ಬೆಳಕು ಪುಕ್ಕಟೆ ಆಯಿತು. ಅದೇ ಮನೆಯ ಬಾಗಿಲ ಮುಂದಿನ ಬೆಳಕಿಗೆ ಮಾತ್ರ ಪಂಚಾಯಿತಿ ಹೆಸ್ಕಾಂಗೆ ಬಿಲ್ ಕಟ್ಟಬೇಕು. ಬಾಕಿ ಬೆಳೆದರೆ ಪತ್ರ ಬರುತ್ತದೆ, ಪತ್ರ ಸಾಕಾದರೆ ಫ್ಯೂಜ್ ಕಳಚುತ್ತದೆ.

ಮೂರನೆಯದು ಸ್ವಂತ ವಸೂಲಿ. ಮನೆ ಪಟ್ಟಿ, ನೀರಿನ ಪಟ್ಟಿ, ಲೈಸೆನ್ಸು ಫೀ, ಪಂಚಾಯಿತಿ ಮಳಿಗೆಗಳಿದ್ದರೆ ಅವುಗಳ ಬಾಡಿಗೆ, ಸಂತೆಯ ಲಿಲಾವು. ಗಾತ್ರದಲ್ಲಿ ಇದು ಬಹಳ ಊರುಗಳಲ್ಲಿ ಎಲ್ಲಕ್ಕಿಂತ ಸಣ್ಣದು. ಆದರೆ ಮೇಲಿನವರನ್ನು ಕೇಳದೆ, ಮುಂದಿನ ವರ್ಷದ ಕ್ರಿಯಾಯೋಜನೆಗೆ ಕಾಯದೆ, ಸಭೆಯಲ್ಲಿ ಠರಾವು ಮಾಡಿ ಮರುದಿನವೇ ಖರ್ಚು ಮಾಡಲು ಬರುವುದು ಇದೊಂದೇ. ಓಣಿಯ ಬಲ್ಬ್, ಸುಟ್ಟ ಮೋಟರಿನ ವೈಂಡಿಂಗ್, ಒಡೆದ ಪೈಪಿನ ಜೋಡಣೆ ಎಲ್ಲ ಇದರ ಮೇಲೆಯೇ ಆಗಬೇಕಾದವು. ಬಲ್ಬ್ ಯಾಕೆ ಬಂದಿಲ್ಲ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಅದನ್ನು ಕೊಳ್ಳಬೇಕಾದ ರೊಕ್ಕ ಇನ್ನೂ ಓಣಿಯವರ ಜೇಬಿನಲ್ಲೇ ಇದೆ. ಈ ಮಾತನ್ನು ಓಣಿಯಲ್ಲಿ ನಿಂತು ಹೇಳಿದರೆ ಹೊಡೆತ ಬೀಳಬಹುದು, ಅದಕ್ಕೇ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯ ಪಾವತಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮನೆಯ ತೆರಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದರ ಕೆಳಗೆ ನಾಲ್ಕು ಉಪಕರಗಳಿರುತ್ತವೆ: ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ ಶೇ 10, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಅಂದರೆ 75, 50, 30, 15. ಎಲ್ಲ ಸೇರಿ 670 ರೂಪಾಯಿ. ಇದರಲ್ಲಿ ಆ 170 ರೂಪಾಯಿ ಆಯಾ ಬಾಬ್ತಿಗೇ ಸೇರಬೇಕಾದ ದುಡ್ಡು, ಪಂಚಾಯಿತಿ ತನ್ನಿಷ್ಟಕ್ಕೆ ಮುರಿಯುವಂತಿಲ್ಲ. ಉಳಿದ ಸ್ವಂತ ಆದಾಯದಲ್ಲೂ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕೆಲಸಗಳಿಗೆ, ಒಂದು ಪಾಲು ಅಂಗವಿಕಲರಿಗೆ ಎಂದು ತೆಗೆದಿಡಬೇಕು. ಹಾಗೆ ತೆಗೆದಿಡುವುದು ನ್ಯಾಯವೇ. ಊರ ಕೊನೆಯ ಕೇರಿಗೆ ಗಟಾರ ಕೊನೆಯಲ್ಲೇ ಬರುತ್ತದೆ ಎಂಬುದು ಗೊತ್ತಿದ್ದವರು ಮಾಡಿದ ನಿಯಮ ಅದು. ಆಮೇಲೆ ಉಳಿದದ್ದರಲ್ಲಿ ಸಿಬ್ಬಂದಿ, ಕಾಗದ, ಬ್ಲೀಚಿಂಗ್ ಪೌಡರ್, ಬಲ್ಬ್. ವಸೂಲಿ ಪೂರ್ತಿ ಆದರೂ ಕೈಗೆ ಉಳಿಯುವುದು ಇಷ್ಟು. ಅರ್ಧಕ್ಕೆ ನಿಂತರೆ?

ವಸೂಲಿ ಅರ್ಧಕ್ಕೆ ನಿಲ್ಲುವುದಕ್ಕೆ ಎಲ್ಲರಿಗೂ ಗೊತ್ತಿರುವ ಕಾರಣಗಳಿವೆ. ಬಿಲ್ ಕಲೆಕ್ಟರ್ ಊರಿನವನೇ. ಅವನು ಮನೆ ಮುಂದೆ ನಿಂತು ‘ಕಾಕಾ, ಪಟ್ಟಿ ಬಾಕಿ ಐತ್ರಿ’ ಅಂದರೆ ‘ಮೊದಲ ನೀರ್ ಬಿಡ್ರೆಪಾ, ಆಮ್ಯಾಲ ಪಟ್ಟಿ ಕೇಳ್ರಿ’ ಎಂಬ ಉತ್ತರ ತಯಾರಿರುತ್ತದೆ. ಅವನು ಜೋರು ಮಾಡಿದ ದಿನವೇ ಸದಸ್ಯರಿಂದ ಫೋನ್ ಬರುತ್ತದೆ: ‘ಅವ್ರು ನಮ್ಮ ಮಂದಿ, ಈ ಸಲ ಬಿಡು.’ ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು. ಮಕ್ಕಳನ್ನು ಕಳೆದರೆ ಉಳಿಯುವ ಮತಗಳು ಎಷ್ಟು? ಹತ್ತಿಪ್ಪತ್ತು ಓಟಿನಲ್ಲಿ ಗೆದ್ದವರು ಸೋತವರು ತೀರ್ಮಾನವಾಗುವಲ್ಲಿ ಪಟ್ಟಿ ಏರಿಸುವ ಠರಾವಿಗೆ ಕೈ ಎತ್ತುವ ಧೈರ್ಯ ದೊಡ್ಡದು. ಅಧ್ಯಕ್ಷರಿಗೂ ಅವಧಿ 30 ತಿಂಗಳು. ಮೊದಲ ಅರ್ಧದವರು ಎರಡನೇ ಅರ್ಧದವರಿಗೆ ಬಿಡುತ್ತಾರೆ, ಅವರು ಮುಂದಿನ ಚುನಾವಣೆಗೆ ಬಿಡುತ್ತಾರೆ. ಸದಸ್ಯರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ರಾತ್ರಿ ಹನ್ನೆರಡಕ್ಕೆ ಮನೆಗೆ ಹಾವು ಹೊಕ್ಕರೂ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಫೋನ್ ಹೋಗುವುದು ಅವರಿಗೇ, ಮತ್ತು ಅವರ ತಿಂಗಳ ಗೌರವಧನ ಬೈಕಿನ ಪೆಟ್ರೋಲಿಗೂ ಸಾಲದು.

ಹೆದ್ದಾರಿ ಪಕ್ಕದ ಊರಿಗೆ ಇಲ್ಲೊಂದು ಅನುಕೂಲವಿದೆ. ಮನೆಗಳ ಹೊರತಾಗಿ ಡಾಬಾ, ಹೋಟೆಲು, ಪೆಟ್ರೋಲ್ ಬಂಕು, ಗೋದಾಮು, ಮೊಬೈಲ್ ಟವರು ಎಲ್ಲ ತೆರಿಗೆಗೆ ಬರುತ್ತವೆ. ಒಳನಾಡಿನ ಹಳ್ಳಿಗೆ ಈ ಭಾಗ್ಯವಿಲ್ಲ. 2015ರ ತಿದ್ದುಪಡಿಯ ನಂತರ ಕಾನೂನು ಆಸ್ತಿಯ ಬಂಡವಾಳ ಮೌಲ್ಯದ ಮೇಲೆ ತೆರಿಗೆ ಎನ್ನುತ್ತದೆ. ಅಂದರೆ ಕ್ರಾಸಿನ ಮೂರಂತಸ್ತಿನ ಲಾಡ್ಜಿಗೂ ಓಣಿಯ ಹಂಚಿನ ಮನೆಗೂ ಒಂದೇ ತೂಕವಲ್ಲ. ಆದರೆ ಕಟ್ಟಡ ಎದ್ದ ಮೇಲೆ ಯಾರಾದರೂ ಹೋಗಿ ಅಳೆದು ಪುಸ್ತಕಕ್ಕೆ ಹತ್ತಿಸಬೇಕಲ್ಲ. ಪುಸ್ತಕದಲ್ಲಿ ‘ಖುಲ್ಲಾ ಜಾಗ’ ಎಂದೇ ಉಳಿದ ಎಷ್ಟೋ ಜಾಗಗಳಲ್ಲಿ ಇಂದು ಶಟರ್ ಏಳುವ ಸದ್ದು ಕೇಳುತ್ತದೆ. ಪಂಚಾಯಿತಿಯ ಆದಾಯ ಹೆಚ್ಚಿಸಲು ಬಡವರ ಪಟ್ಟಿ ಏರಿಸಲೇಬೇಕೆಂದಿಲ್ಲ. ಅಳತೆ ಟೇಪ್ ಹಿಡಿದು ಹೆದ್ದಾರಿಯುದ್ದಕ್ಕೂ ಒಂದು ವಾರ ನಡೆದರೂ ಬಹಳ ಆಗುತ್ತದೆ.

ಇಷ್ಟಾದರೂ ವರ್ಷದಲ್ಲಿ ಕೆಲವು ದಿನ ಜನ ತಾವಾಗಿಯೇ ಬಂದು, ಹತ್ತು ವರ್ಷದ ಬಾಕಿಯನ್ನೂ ಚೌಕಾಸಿ ಇಲ್ಲದೆ ಕಟ್ಟಿ ಹೋಗುತ್ತಾರೆ. ಅವರಿಗೆ ಉತಾರ ಬೇಕಾಗಿರುತ್ತದೆ.

2013ರಲ್ಲಿ ಇ-ಸ್ವತ್ತು ಬರುವ ಮುಂಚೆ ಉತಾರ ಎಂದರೆ ಕೈಬರಹದ ಹಾಳೆ, ಅದರ ಮೇಲೊಂದು ಸಿಕ್ಕಾ. ಒಂದೇ ನಿವೇಶನಕ್ಕೆ ಎರಡು ಹೆಸರಿನ ಉತಾರ, ಎನ್‌ಎ ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ನಿವೇಶನಕ್ಕೂ ಉತಾರ, ಹೀಗೆ ನಡೆದಿತ್ತು. ಇ-ಸ್ವತ್ತು ಬಂದ ಮೇಲೆ ಗಾವಠಾಣದೊಳಗಿನ, ಅಂದರೆ ಊರಿನ ವಸತಿ ಗೆರೆಯೊಳಗಿನ ಮನೆಗೆ, ಕೃಷಿಯೇತರವಾಗಿ ಪರಿವರ್ತನೆಯಾಗಿ ನಕ್ಷೆ ಮಂಜೂರಾದ ನಿವೇಶನಕ್ಕೆ ನಮೂನೆ 9 ಮತ್ತು 11ಎ. ಈ ಚೌಕಟ್ಟಿಗೆ ಬಾರದ ಆಸ್ತಿಗೆ 11ಬಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಕಂಪ್ಯೂಟರ್ ಪಂಚಾಯಿತಿಯ ಕಂಪ್ಯೂಟರನ್ನು ಕೇಳಿ ನೋಡಿಯೇ ಖರೀದಿ ನೋಂದಾಯಿಸುತ್ತದೆ. ಬ್ಯಾಂಕಿನವರಿಗೂ ಇದೇ ಬೇಕು. ಮಗಳ ಮದುವೆಗೆ ಜಾಗ ಮಾರಬೇಕು, ಮಗನಿಗೆ ಮನೆ ಸಾಲ ಬೇಕು, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳಬೇಕು ಎಂದಾಗ ಪಂಚಾಯಿತಿ ಕಚೇರಿ ಇದ್ದಕ್ಕಿದ್ದಂತೆ ಊರಿನ ದೊಡ್ಡ ಕಚೇರಿ ಆಗುತ್ತದೆ.

ಕಷ್ಟವಿರುವುದು ಊರು ಬೆಳೆದ ರೀತಿಯಲ್ಲಿ. ಹೆದ್ದಾರಿ ಊರುಗಳು ನಕ್ಷೆ ಕೇಳಿ ಬೆಳೆಯುವುದಿಲ್ಲ, ರಸ್ತೆ ಕಂಡ ಕಡೆ ಬೆಳೆಯುತ್ತವೆ. ಅಜ್ಜನ ಹೆಸರಿನಲ್ಲೇ ಉಳಿದ ಮನೆ, ಬಾಯಿಮಾತಿನ ಹಂಚಿಕೆ, ಗಾವಠಾಣದ ಗೆರೆಯಿಂದ ಹತ್ತು ಅಡಿ ಆಚೆ ಎದ್ದ ಹೊಸ ಪ್ಲಾಟು, ಇವಕ್ಕೆಲ್ಲ ಕಾಗದ ಹೊಂದಿಸುವುದು ಪಿಡಿಒಗೆ ದಿನದ ತಲೆನೋವು. ಡಿಜಿಟಲ್ ಸಹಿ ಅವರದು, ನಾಳೆ ತಪ್ಪಾದರೆ ನೋಟಿಸೂ ಅವರಿಗೇ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಗಾವಠಾಣದ ಒಳಗಿನ ಗೊಂದಲಕ್ಕೆ ಪರಿಹಾರ ಎಂದು ಬಂದದ್ದು. ಮೊದಲ ಹಂತದಲ್ಲೇ ಕರ್ನಾಟಕವೂ ಇತ್ತು. ಗೆರೆಯ ಆಚೆ ಇರುವವರಿಗಾಗಿ 2025ರಲ್ಲಿ ಪಂಚಾಯತ್ ರಾಜ್ ಕಾನೂನಿಗೇ ತಿದ್ದುಪಡಿ ತಂದರು. ಅಂಥ ಆಸ್ತಿಗಳನ್ನೂ ತೆರಿಗೆಯ ಪುಸ್ತಕಕ್ಕೆ ತರುವುದು ಅದರ ಉದ್ದೇಶ. ನನ್ನ ಅಭಿಪ್ರಾಯದಲ್ಲಿ ಇದು ತಡವಾಗಿ ಬಂದ ಸರಿಯಾದ ಹೆಜ್ಜೆ: ಅದೇ ನಳದ ನೀರು ಕುಡಿದು ಅದೇ ಗಟಾರ ಬಳಸುವ ಮನೆಯಿಂದ ಪಟ್ಟಿ ತೆಗೆದುಕೊಳ್ಳಲು ಪಂಚಾಯಿತಿಗೇ ಮುಜುಗರವಾಗುವ ಸ್ಥಿತಿ ಯಾರಿಗೂ ಒಳ್ಳೆಯದಲ್ಲ. ಆದರೆ ಪಟ್ಟಿ ಕಟ್ಟಿದ ಪಾವತಿ ಮಾಲೀಕತ್ವದ ಪುರಾವೆಯಲ್ಲ ಎಂಬುದನ್ನು ಮಾತ್ರ ಕೊಳ್ಳುವವರು ನೆನಪಿಡಬೇಕು. ಇದನ್ನು ಮರೆತು ಕೋರ್ಟ್ ಮೆಟ್ಟಿಲು ಹತ್ತಿದವರು ಬಹಳ.

ನೀರಿನ ವಿಷಯ ಇನ್ನೂ ಹತ್ತಿರದ್ದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಪೈಪು ಹೂಳಲು ರಸ್ತೆ ಅಗೆದದ್ದು, ಅಗೆದಲ್ಲಿ ಮತ್ತೆ ಸಿಮೆಂಟ್ ಬೀಳಲು ಮಳೆಗಾಲಗಳೇ ಕಳೆದದ್ದು ರಾಜ್ಯದ ಅನೇಕ ಊರುಗಳ ಕತೆ. ಕಟ್ಟುವುದು ಇಲಾಖೆಯ ಕೆಲಸ, ಕಟ್ಟಿದ ಮೇಲೆ ನಡೆಸುವುದು ಪಂಚಾಯಿತಿಯ ಕೆಲಸ. ಕಟ್ಟಲು ಕೋಟಿಗಳಲ್ಲಿ ದುಡ್ಡು ಇರುತ್ತದೆ, ಉದ್ಘಾಟನೆ ಇರುತ್ತದೆ, ಫಲಕದ ಮೇಲೆ ಹೆಸರುಗಳಿರುತ್ತವೆ. ನಡೆಸಲು ಇರುವುದು ತಿಂಗಳ ನೀರಿನ ಪಟ್ಟಿ. ಕೊಳವೆಬಾವಿಯ ಮೋಟರು ಸುಟ್ಟರೆ ಎತ್ತಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಮೂರು ದಿನ ನಳ ಒಣಗುತ್ತದೆ. ಆ ಮೂರು ದಿನದಲ್ಲಿ ಬೈದವರ ಹೆಸರನ್ನು ನೀರಿನ ಪಟ್ಟಿಯ ಬಾಕಿದಾರರ ಪಟ್ಟಿಯ ಪಕ್ಕ ಇಟ್ಟು ನೋಡುವ ಆಸೆ ಪ್ರತಿಯೊಬ್ಬ ಕಾರ್ಯದರ್ಶಿಗೂ ಬಂದಿರುತ್ತದೆ. ಸಭ್ಯರಾದ್ದರಿಂದ ಸುಮ್ಮನಿರುತ್ತಾರೆ.

ನೀರು ಎಂದ ಮೇಲೆ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯಿತಿ ಮಂತ್ರಿ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು. 1983ರ ಕಾಯ್ದೆ, 1987ರ ಚುನಾವಣೆ, ಮಂಡಲ ಪಂಚಾಯಿತಿಗಳು, ಮಹಿಳೆಯರಿಗೆ ಕಾಲು ಭಾಗ ಸ್ಥಾನ ಎಲ್ಲ ಆ ಕಾಲದ್ದು. ಈ ಭಾಗದ ಹಿರಿಯರು ಆಗಿನ ಮಂಡಲದ ಮುಖ್ಯಸ್ಥರನ್ನು ಇಂದಿಗೂ ‘ಪ್ರಧಾನರು’ ಎಂದೇ ಕರೆಯುತ್ತಾರೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲಿನಲ್ಲಿ ಜಾರಿಗೆ ಬಂದ ಕೂಡಲೇ ಮೇ ತಿಂಗಳಲ್ಲಿ ಹೊಸ ಪಂಚಾಯಿತಿ ಕಾಯ್ದೆ ಜಾರಿ ಮಾಡಿದ ರಾಜ್ಯ ನಮ್ಮದು. ಆ ಹೆಮ್ಮೆಯ ಪಕ್ಕ ಇನ್ನೊಂದನ್ನೂ ಬರೆಯಬೇಕು: ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಶಿಗ್ಗಾವಿಯ ತಾಲ್ಲೂಕು ಪಂಚಾಯಿತಿಯಲ್ಲಿ ತಡಸದ ಪರವಾಗಿ ಎದ್ದು ಮಾತನಾಡಬೇಕಾದ ಸದಸ್ಯ ಇಲ್ಲದೆ, ಆಡಳಿತಾಧಿಕಾರಿಯ ಸಹಿಯಲ್ಲೇ ಎಲ್ಲ ನಡೆಯಿತು. ಓಣಿಯ ಬಲ್ಬಿಗೂ ಇದಕ್ಕೂ ಸಂಬಂಧವಿದೆ. ರಸ್ತೆ ನಮ್ಮದಲ್ಲ ಎಂದು ಗ್ರಾಮ ಪಂಚಾಯಿತಿ ಬರೆದ ಪತ್ರ ಹೋಗಿ ಬೀಳುವುದು ಮೇಲಿನ ಆ ಖಾಲಿ ಮನೆಗಳಲ್ಲೇ.

ಕಾನೂನು ಕೊಟ್ಟು ನಾವು ಬಳಸದೆ ಬಿಟ್ಟದ್ದು ವಾರ್ಡ್ ಸಭೆ ಮತ್ತು ಗ್ರಾಮ ಸಭೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಕೋರಂ. ವಾರ್ಡ್ ಸಭೆಗೆ 20 ಜನ ಸಾಕು. ಸಾವಿರಾರು ಮತದಾರರಿರುವ ಊರಿನಲ್ಲಿ ನೂರು ಜನ ಸೇರಿದರೆ ಯಾವ ಓಣಿಗೆ ಮೊದಲು ಗಟಾರ ಎಂಬುದನ್ನು ನಿಶ್ಚಯಿಸಬಹುದು. ಮನೆ ಮಂಜೂರಾತಿಯ ಫಲಾನುಭವಿಗಳ ಆಯ್ಕೆ ಆಗುವುದೂ ಇಲ್ಲೇ. ಮನೆ ಹಂಚುವ ಸಭೆಗೆ ಜನ ಕಿಕ್ಕಿರಿಯುತ್ತಾರೆ, ಕ್ರಿಯಾಯೋಜನೆಯ ಸಭೆಗೆ ಕುರ್ಚಿ ಉಳಿಯುತ್ತವೆ. ಬಂದವರ ಸಹಿ ಸಾಲದೆ ಹಾಜರಿ ಪುಸ್ತಕ ಮನೆ ಮನೆ ಸುತ್ತಿ ಬಂದ ಊರುಗಳ ಸುದ್ದಿಯನ್ನು ಎಲ್ಲರೂ ಕೇಳಿದ್ದೇವೆ. ಆಮೇಲೆ ‘ನಮ್ಮನ್ನ ಕೇಳೇ ಇಲ್ಲ’ ಎನ್ನುತ್ತೇವೆ. ಕೇಳಿದ ನೋಟಿಸು ಕಚೇರಿಯ ಗೋಡೆಯ ಮೇಲೆ, ದೇವಸ್ಥಾನದ ಕಟ್ಟೆಯ ಕಂಬದ ಮೇಲೆ ಅಂಟಿಸಿಯೇ ಇತ್ತು.

ಬಲ್ಬಿನ ದೂರನ್ನೂ ಬಾಗಿಲಲ್ಲಿ ನಿಂತು ಹೇಳಿದರೆ ಅದು ಗಾಳಿಗೆ ಹೋಗುತ್ತದೆ. ಅರ್ಧ ಹಾಳೆಯಲ್ಲಿ ಓಣಿಯ ಹೆಸರು, ಕಂಬದ ನಂಬರು, ತಾರೀಖು ಬರೆದು ಕೊಟ್ಟು ಪಾವತಿ ಕೇಳಬೇಕು. ಆವಕ ವಹಿಯಲ್ಲಿ ಏರಿದ ಅರ್ಜಿಗೆ ಕಚೇರಿ ಉತ್ತರ ಕೊಡಬೇಕಾಗುತ್ತದೆ. ಉತ್ತರ ಬಾರದಿದ್ದರೆ ಶಿಗ್ಗಾವಿಯಲ್ಲಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಇದ್ದಾರೆ. ಅಲ್ಲೂ ಆಗದಿದ್ದರೆ ಹಾವೇರಿಯ ದೇವಗಿರಿಯಲ್ಲಿ ಜಿಲ್ಲಾ ಪಂಚಾಯಿತಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಬಲ್ಬಿಗೆ ಇಷ್ಟೆಲ್ಲ ಬೇಕೇ ಎಂದರೆ, ಬೇಡ. ಆದರೆ ಮೂರನೇ ಅರ್ಜಿ ಬರೆಯುವ ಓಣಿ ಎಂದು ಗೊತ್ತಾದ ಮೇಲೆ ಮೊದಲ ಅರ್ಜಿಗೇ ಬಲ್ಬ್ ಬರುವುದನ್ನು ನೋಡಿದ್ದೇನೆ.

‘ನಮ್ಮೂರು ಪಟ್ಟಣ ಪಂಚಾಯಿತಿ ಆದರ ಎಲ್ಲಾ ಸರಿ ಹೋಗತೈತಿ’ ಎಂಬ ಮಾತನ್ನು ಬೆಳೆದ ಊರುಗಳ ಚಹಾದಂಗಡಿಗಳಲ್ಲಿ ಕೇಳುತ್ತೇವೆ. 1964ರ ಪುರಸಭೆಗಳ ಕಾಯ್ದೆ ಇದಕ್ಕೆ ಅಳತೆಗೋಲು ಇಟ್ಟಿದೆ: ಜನಸಂಖ್ಯೆ, ಜನರ ಸಾಂದ್ರತೆ, ಬೇಸಾಯ ಬಿಟ್ಟು ಬೇರೆ ಕಸುಬಿನಲ್ಲಿರುವವರ ಪಾಲು, ಸ್ಥಳೀಯ ಆದಾಯ. ಹಾವೇರಿ ತಾಲ್ಲೂಕಿನ ಗುತ್ತಲ ಹಾಗೆ ಪಟ್ಟಣ ಪಂಚಾಯಿತಿಯಾದ ಊರು. ಆದರೆ ಹಾಗಾದ ದಿನ ಗ್ರಾಮೀಣ ಯೋಜನೆಗಳ ಬಾಗಿಲು ಮುಚ್ಚುತ್ತದೆ. ಉದ್ಯೋಗ ಖಾತರಿಯ ಕೂಲಿ ನಂಬಿದ ಮನೆಗಳಿಗೆ ಅದು ಸಣ್ಣ ವಿಷಯವಲ್ಲ. ತೆರಿಗೆಯ ದರವೂ ಪಟ್ಟಣದ್ದಾಗುತ್ತದೆ. ಗ್ರಾಮದ ಪಟ್ಟಿಯನ್ನೇ ಕಟ್ಟದವರು ಪಟ್ಟಣದ ಪಟ್ಟಿ ಕಟ್ಟುತ್ತಾರೆ ಎಂದು ನಂಬಲು ನನಗೆ ಧೈರ್ಯವಿಲ್ಲ. ಫಲಕ ಬದಲಾದರೆ ಪಿಡಿಒ ಹೋಗಿ ಮುಖ್ಯಾಧಿಕಾರಿ ಬರುತ್ತಾರೆ. ಬಲ್ಬ್ ಕೊಳ್ಳುವ ದುಡ್ಡು ಅಷ್ಟರಿಂದ ಬರುವುದಿಲ್ಲ.

ಹಾಗಾದರೆ ಪಟ್ಟಿ ಕಟ್ಟಿದವನು ತನ್ನ ರೊಕ್ಕ ಎಲ್ಲಿ ಹೋಯಿತೆಂದು ಕೇಳುವುದು ಎಲ್ಲಿ? ಅದಕ್ಕೆ ಜಮಾಬಂದಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಜಮಾ–ಖರ್ಚನ್ನು ಊರಿನವರ ಮುಂದೆ ತೆರೆದಿಡಬೇಕೆಂದು ನಿಯಮವೇ ಹೇಳುತ್ತದೆ. ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ವಹಿಗಳನ್ನು ನೋಡುತ್ತಾರೆ, ಆಮೇಲೆ ಎದ್ದು ಹೋಗಿ ಕಾಮಗಾರಿಗಳನ್ನು ಸ್ಥಳದಲ್ಲೇ ಪರಿಶೀಲಿಸುತ್ತಾರೆ. ಪುಸ್ತಕದಲ್ಲಿ ನೂರು ಮೀಟರ್ ಗಟಾರ ಎಂದಿದ್ದರೆ ನೂರು ಇದೆಯೋ ಎಪ್ಪತ್ತು ಇದೆಯೋ ಎಂಬುದು ಆಗ ಟೇಪಿಗೆ ಸಿಗುತ್ತದೆ. ‘ಬೇಡಿಕೆ, ವಸೂಲಿ, ಬಾಕಿ’ ಎಂಬ ತಖ್ತೆಯನ್ನೂ ಅಲ್ಲೇ ಕೇಳಿ ಓದಿಸಬಹುದು. ವರ್ಷಕ್ಕೆ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಕ್ರಾಸಿನ ಯಾವ ಕಟ್ಟಡ ಎಷ್ಟು ವರ್ಷದಿಂದ ಕಟ್ಟಿಲ್ಲ ಎಂದು ಬಿಡಿಸಿ ಕೇಳುವ ಹಕ್ಕು ಅಲ್ಲಿ ಕುಳಿತ ಯಾರಿಗಾದರೂ ಇದೆ. ಬೆಳೆಯಲ್ಲಿ ಕಳೆ ತೆಗೆಯುವ ಹೊತ್ತು, ಗಣಪತಿ ಹಬ್ಬದ ಗಡಿಬಿಡಿ, ಜನ ಬರುವುದು ಕಡಿಮೆ ಎನ್ನುತ್ತಾರೆ. ಹೋಗುವವರು ತಮ್ಮ ಈ ವರ್ಷದ ಪಟ್ಟಿಯ ಪಾವತಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಲಿ. ಮೊದಲ ಪ್ರಶ್ನೆ ಎದ್ದ ಕೂಡಲೇ ಹಿಂದಿನ ಸಾಲಿನಿಂದ ಯಾರಾದರೂ ‘ನಿಂದು ಕಟ್ಟೀಯೇನಪಾ?’ ಎಂದು ಕೇಳದೆ ಇರುವುದಿಲ್ಲ.